ಬೀಜ, ಕ್ಷೇತ್ರ ಮತ್ತು ತಾಯಿ: ‘ವಂಶವೃಕ್ಷ’ ಕಾದಂಬರಿಯನ್ನು ಕುರಿತು ಒಂದು ವಿಚಾರ

೧

ಇತಿಹಾಸವನ್ನು ಬೋಧಿಸುವವರು ಕಾದಂಬರಿಯೊಂದನ್ನು ವಿಮರ್ಶಿಸಲು ಹೊರಡುವುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ಆದರೆ ವಂಶಾವಳಿಯೆಂಬುದು ಇತಿಹಾಸಕಾರನ ನಿತ್ಯದ ಸಾಮಗ್ರಿ. ಶಾಸನಗಳ ಮೊದಲಲ್ಲಿ ಬರುವ ಅರಸುಮನೆತನಗಳ ವಂಶಾವಳಿಯನ್ನು ಓದಿ, ಅದರಲ್ಲಿ ದಿಟವೆಷ್ಟು, ಹೊಗಳಿಕೆಯೆಷ್ಟು, ಮುಚ್ಚಿಟ್ಟದ್ದೆಷ್ಟು ಎಂದು ವಿಚಾರಿಸುವುದೇ ನಮ್ಮ ಕಸುಬು. ಹೀಗಿರುವಲ್ಲಿ, ಒಂದು ವಂಶಾವಳಿಯ ಸತ್ಯಾಸತ್ಯವನ್ನೇ ವಸ್ತುವಾಗಿ ಉಳ್ಳ ಕಾದಂಬರಿಯ ವಿಷಯದಲ್ಲಿ ನಾವು ಎರಡು ಮಾತು ಹೇಳಿದರೆ ಸಾಹಿತ್ಯದ ಅಧ್ಯಾಪಕರು ಮನ್ನಿಸುವರೆಂದು ನಂಬಿದ್ದೇವೆ.

ಶ್ರೀ ಎಸ್. ಎಲ್. ಭೈರಪ್ಪನವರ ‘ವಂಶವೃಕ್ಷ’ವು ಪ್ರಕಟವಾದದ್ದು ೧೯೬೫ರಲ್ಲಿ. ಮುಂದೆ ಕೆಲವೇ ವರ್ಷಗಳಲ್ಲಿ ಅದು ಬಿ. ವಿ. ಕಾರಂತ ಮತ್ತು ಗಿರೀಶ ಕಾರ್ನಾಡರ ಜಂಟಿ ನಿರ್ದೇಶನದಲ್ಲಿ ಚಲನಚಿತ್ರವೂ ಆಯಿತು. ಕೃತಿಕಾರರು ೨೦೨೫ರಲ್ಲಿ ನಿಧನರಾದರು. ಈ ಅರುವತ್ತು ವರ್ಷಗಳ ಅವಧಿಯಲ್ಲಿ ಕಾದಂಬರಿಯನ್ನು ಕುರಿತ ಚರ್ಚೆಯು ಬಹುಮಟ್ಟಿಗೆ ಒಂದೇ ಪ್ರಶ್ನೆಯ ಸುತ್ತ ನಡೆದಿದೆ: ಇದು ಸಂಪ್ರದಾಯದ ಸಮರ್ಥನೆಯೋ, ಸಂಪ್ರದಾಯದ ಬುಡವನ್ನು ಅಲುಗಿಸುವ ಕೃತಿಯೋ ಎಂಬುದು. ನಾವೂ ಬಹುಕಾಲ ಆ ಪ್ರಶ್ನೆಯನ್ನೇ ಮುಂದಿಟ್ಟುಕೊಂಡು ಓದುತ್ತಿದ್ದೆವು.

ನಾವು ಪಾಠ ಹೇಳುವ ಯಡ್ರಾಮಿಯು ಜೇವರ್ಗಿಯಿಂದ ಬೇರ್ಪಟ್ಟು ಈಚೆಗೆ ತಾಲ್ಲೂಕಾದ ಊರು. ತೊಗರಿ, ಹತ್ತಿ, ಜೋಳ ಬೆಳೆಯುವ ಕರಿನೆಲದ ಸೀಮೆ. ಇಲ್ಲಿಯ ವಿದ್ಯಾರ್ಥಿಗಳಿಗೆ ನಂಜನಗೂಡಿನ ಶ್ರೋತ್ರಿಯ ಬ್ರಾಹ್ಮಣರ ಮನೆಯ ಆಚಾರವು ದೂರದ್ದು. ಕಪಿಲೆಯೂ ಕಂಡರಿಯದ ಹೊಳೆ. ಆದರೂ ಹಳೆಯ ಮೈಸೂರು ಸಂಸ್ಥಾನದ ಸಾಮಾಜಿಕ ಸ್ಥಿತಿಯನ್ನು ವಿವರಿಸುವಾಗ ಈ ಕಥೆಯನ್ನು ತರಗತಿಯಲ್ಲಿ ಹೇಳುವುದುಂಟು. ಒಮ್ಮೆ ಹಾಗೆ ಹೇಳುತ್ತ, ಶ್ರೋತ್ರಿಗಳ ತಂದೆಯೆನಿಸಿದವರು ಸಂತಾನಶಕ್ತಿಯಿಲ್ಲದವರಾಗಿದ್ದು, ಹೆಂಡತಿಯು ಬೇರೊಬ್ಬನಿಂದ ಮಗುವನ್ನು ಪಡೆಯುವಂತೆ ಮಾಡಿದರೆಂಬಲ್ಲಿಗೆ ಬಂದು, ಆ ರಹಸ್ಯವು ತಿಳಿದಾಗ ಶ್ರೋತ್ರಿಗಳಿಗಾದ ಆಘಾತವನ್ನು ವರ್ಣಿಸುತ್ತಿದ್ದೆವು. ಹಿಂದಿನ ಬೆಂಚಿನಿಂದ ವಿದ್ಯಾರ್ಥಿನಿಯೊಬ್ಬಳು ಎದ್ದು, “ಆಕಿಗಿ ಯಾರರೆ ಕೇಳ್ಯಾರೇನ್ರಿ, ಸರ?” ಎಂದಳು. ‘ಆಕಿ’ ಎಂದರೆ ಶ್ರೋತ್ರಿಗಳ ತಾಯಿ. ನಮಗೆ ಕೂಡಲೆ ಉತ್ತರ ತೋಚಲಿಲ್ಲ. ಪ್ರಸ್ತುತ ಲೇಖನವು ಆ ಪ್ರಶ್ನೆಗೆ ತಡವಾಗಿ ಕೊಡುತ್ತಿರುವ ಉತ್ತರ.

೨

ಚರ್ಚೆಗೆ ಅಗತ್ಯವಾದಷ್ಟು ಕಥಾಂಶವನ್ನು ಮೊದಲು ನೆನೆಯೋಣ. ನಂಜನಗೂಡಿನ ಶ್ರೀನಿವಾಸ ಶ್ರೋತ್ರಿಗಳು ಶಾಸ್ತ್ರಜ್ಞರು, ಆಚಾರನಿಷ್ಠರು, ಧರ್ಮಭೀರುಗಳು. ಅವರ ಒಬ್ಬನೇ ಮಗ ನಂಜುಂಡ ಶ್ರೋತ್ರಿಯು ಹೊಳೆಯ ಪಾಲಾಗುತ್ತಾನೆ. ಎಳೆಯ ಸೊಸೆ ಕಾತ್ಯಾಯನಿ ಮತ್ತು ಹಸುಗೂಸು ಮೊಮ್ಮಗ ಚೀನಿ ಉಳಿಯುತ್ತಾರೆ. ಕಾತ್ಯಾಯನಿಯು ಓದನ್ನು ಮುಂದುವರಿಸಲು ಮೈಸೂರಿನ ಕಾಲೇಜಿಗೆ ಹೋಗಿ, ಅಲ್ಲಿಯ ಅಧ್ಯಾಪಕ ರಾಜಾರಾಯನಲ್ಲಿ ಅನುರಕ್ತಳಾಗಿ ಅವನನ್ನು ಮದುವೆಯಾಗುತ್ತಾಳೆ. ಆದರೆ ಮಗುವನ್ನು ಕರೆದೊಯ್ಯುವುದು ಆಗುವುದಿಲ್ಲ. ಮಗುವು ವಂಶಕ್ಕೆ ಸೇರಿದ್ದು ಎಂಬ ತತ್ತ್ವದ ಮುಂದೆ ತಾಯಿಯ ಹಂಬಲವು ಸೋಲುತ್ತದೆ. ಚೀನಿಯು ನಂಜನಗೂಡಿನಲ್ಲಿಯೇ ಉಳಿಯುತ್ತಾನೆ. ಹೊಸ ದಾಂಪತ್ಯದಲ್ಲಿ ಕಾತ್ಯಾಯನಿಗೆ ಮತ್ತೆ ಮತ್ತೆ ಗರ್ಭಪಾತವಾಗುತ್ತದೆ. ಅವಳ ದೇಹವೂ ಮನಸ್ಸೂ ಕುಗ್ಗುತ್ತವೆ. ತಾನು ಮಾಡಿದ್ದು ಪಾಪವೋ ಎಂಬ ಶಂಕೆಯು ಗಂಡಹೆಂಡಿರ ನಡುವೆ ಬಂದು ನಿಲ್ಲುತ್ತದೆ.

ಇದಕ್ಕೆ ಸಮಾನಾಂತರವಾಗಿ ರಾಜಾರಾಯನ ಅಣ್ಣ, ಇತಿಹಾಸದ ಪ್ರಾಧ್ಯಾಪಕ ಸದಾಶಿವರಾಯರ ಕಥೆ ನಡೆಯುತ್ತದೆ. ಭಾರತದ ಸಂಸ್ಕೃತಿಯ ಚರಿತ್ರೆಯನ್ನು ಹಲವು ಸಂಪುಟಗಳಲ್ಲಿ ಬರೆಯುವುದು ಅವರ ಜೀವನವ್ರತ. ಅದಕ್ಕೆ ನೆರವಾದ ಸಿಂಹಳದ ವಿದ್ಯಾರ್ಥಿನಿ ಕರುಣರತ್ನೆಯನ್ನು ಅವರು ಎರಡನೆಯ ಮದುವೆಯಾಗುತ್ತಾರೆ. ಮೊದಲ ಹೆಂಡತಿ ನಾಗಲಕ್ಷ್ಮಿಯು ರಾಮನಾಮವನ್ನು ಬರೆಯುತ್ತ ದಿನ ಕಳೆಯುತ್ತಾಳೆ. ಇತಿಹಾಸದ ಅಧ್ಯಾಪಕರಾದ ನಾವು ಈ ಭಾಗವನ್ನು ತಲೆ ತಗ್ಗಿಸಿಯೇ ಓದಬೇಕಾಗಿದೆ. ನಾಡಿನ ಸಂಸ್ಕೃತಿಯನ್ನೆಲ್ಲ ಅರಿತ ವಿದ್ವಾಂಸನು ಒಳಮನೆಯಲ್ಲಿ ನಡೆಯುವುದನ್ನು ಅರಿಯದೆ ಹೋದನು.

ಶ್ರೋತ್ರಿಗಳ ಸ್ವಂತ ದಾಂಪತ್ಯದಲ್ಲಿಯೂ ಸಂತಾನದ ಕಷ್ಟವಿದೆ. ಮೊದಲ ಹೆರಿಗೆಯು ಕಷ್ಟವಾಗಿ, ಇನ್ನೊಂದು ಬಸಿರು ಪ್ರಾಣಕ್ಕೆ ಅಪಾಯವೆಂದು ವೈದ್ಯರು ಎಚ್ಚರಿಸಿದ ಮೇಲೆ, ಹೆಂಡತಿ ಭಾಗೀರತಮ್ಮನೇ ಮನೆಯಲ್ಲಿರುವ ಲಕ್ಷ್ಮಿಯನ್ನು ಗಂಡನಿಗೆ ಸೂಚಿಸುತ್ತಾಳೆ. ಶ್ರೋತ್ರಿಗಳು ತಮ್ಮೊಳಗೆ ಹೋರಾಡಿ ಇಂದ್ರಿಯಗಳನ್ನು ಗೆಲ್ಲುತ್ತಾರೆ. ಅವರ ಜೀವನದ ದೊಡ್ಡ ಗೆಲುವು ಇದು. ಉನ್ನತವಾದ ವಂಶದಲ್ಲಿ ಹುಟ್ಟಿದ್ದೇವೆ ಎಂಬ ನಂಬಿಕೆಯೇ ಆ ಗೆಲುವಿಗೆ ಆಧಾರ.

ಕೊನೆಗೆ, ಸಂನ್ಯಾಸಕ್ಕೆ ಸಿದ್ಧರಾಗಿ ಮನೆಯ ವ್ಯವಹಾರಗಳನ್ನು ಮುಗಿಸುವ ಹೊತ್ತಿನಲ್ಲಿ ಹಳೆಯ ಕಾಗದಪತ್ರಗಳಿಂದ ಅವರಿಗೆ ತಮ್ಮ ಹುಟ್ಟಿನ ಗುಟ್ಟು ತಿಳಿಯುತ್ತದೆ. ತಂದೆ ನಂಜುಂಡ ಶ್ರೋತ್ರಿಗಳು ಸಂತಾನಶಕ್ತಿಯಿಲ್ಲದವರು. ಒಡಹುಟ್ಟಿದವನೊಡನೆ ವೈರವಿದ್ದುದರಿಂದ ಆಸ್ತಿಯು ಆ ಕಡೆಗೆ ಹೋಗಬಾರದೆಂಬ ಹಟ ಅವರಿಗೆ. ಆ ಹಟಕ್ಕಾಗಿ, ವಂಶದ ಹೊರಗಿನ ಗಂಡಸಿನಿಂದ ಹೆಂಡತಿಗೆ ಮಗನನ್ನು ಹುಟ್ಟಿಸಿದರು. ಆ ಮಗನೇ ಶ್ರೀನಿವಾಸ ಶ್ರೋತ್ರಿ. ಗುಟ್ಟು ತಿಳಿದ ಮೇಲೆ ಶ್ರೋತ್ರಿಗಳು ಆಸ್ತಿಯಲ್ಲಿ ತಮಗೆ ಅಧಿಕಾರವಿಲ್ಲವೆಂದು ಅದನ್ನು ತ್ಯಜಿಸುತ್ತಾರೆ. ಮನೆಯಿಂದ ಹೊರಟವರು ಮೈಸೂರಿನಲ್ಲಿ ಕಾತ್ಯಾಯನಿಯ ಸಾವಿನ ಹಾಸಿಗೆಯ ಬಳಿಗೆ ಬಂದು, ಚೀನಿಗೆ ಮಗನ ಕರ್ತವ್ಯವನ್ನು ತಿಳಿಸುತ್ತಾರೆ.

೩

ಶ್ರೋತ್ರಿಗಳಿಗಾದ ಆಘಾತದ ಸ್ವರೂಪವನ್ನು ತಿಳಿಯಬೇಕಾದರೆ ಧರ್ಮಶಾಸ್ತ್ರದ ಕಡೆಗೆ ಸ್ವಲ್ಪ ಹೊರಳಬೇಕು. ಅದಕ್ಕಾಗಿ ನಾವು ಬಹುದೂರ ಹೋಗಬೇಕಾಗಿಲ್ಲ. ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ (೧೦೭೬–೧೧೨೬) ಕಾಲದವನು. ನಮ್ಮ ಕಲಬುರಗಿ ಜಿಲ್ಲೆಯ ಮರತೂರಿನೊಡನೆ ಅವನ ಹೆಸರು ಬೆಸೆದುಕೊಂಡಿದೆ. ಬಂಗಾಳವೇ ಮೊದಲಾದ ಕೆಲವು ಪ್ರದೇಶಗಳನ್ನು ಬಿಟ್ಟರೆ ಭಾರತದ ಬಹುಭಾಗದಲ್ಲಿ ಹಿಂದೂಗಳ ದಾಯಭಾಗದ ವ್ಯವಹಾರವು ಶತಮಾನಗಳ ಕಾಲ ಈ ಗ್ರಂಥದ ಆಧಾರದ ಮೇಲೆ ನಡೆಯಿತು. ನಂಜನಗೂಡಿನ ಶ್ರೋತ್ರಿಗಳ ಆಸ್ತಿಗೂ ಇದೇ ಪ್ರಮಾಣ.

ಮಿತಾಕ್ಷರದ ಎರಡು ಸಿದ್ಧಾಂತಗಳು ಇಲ್ಲಿ ಮುಖ್ಯವಾದವು. ಒಂದು, ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಸ್ವಾಮ್ಯ ಬರುತ್ತದೆಂಬುದು. ಇನ್ನೊಂದು, ಸಪಿಂಡತೆಯೆಂದರೆ ಒಂದೇ ದೇಹದ ಅಂಶಗಳನ್ನು ಹಂಚಿಕೊಂಡಿರುವ ಸಂಬಂಧವೆಂಬುದು. ಬಂಗಾಳದ ಜೀಮೂತವಾಹನನು ಶ್ರಾದ್ಧದ ಪಿಂಡವನ್ನು ಮುಂದಿಟ್ಟನು. ವಿಜ್ಞಾನೇಶ್ವರನು ಶರೀರವನ್ನು ಮುಂದಿಟ್ಟನು. ಹುಟ್ಟಿನಿಂದಲೇ ಹಕ್ಕು, ಶರೀರದಿಂದಲೇ ನಂಟು ಎಂದಾದ ಮೇಲೆ, ಹುಟ್ಟು ಬೇರೆಯೆಂದು ತಿಳಿದ ಕ್ಷಣದಲ್ಲಿ ಎರಡೂ ಕುಸಿಯುತ್ತವೆ. ಶ್ರೋತ್ರಿಗಳು ಆಸ್ತಿಯನ್ನು ತ್ಯಜಿಸಿದ್ದು ಭಾವೋದ್ರೇಕದಿಂದಲ್ಲ. ತಾವು ಓದಿದ ಶಾಸ್ತ್ರವನ್ನು ತಮ್ಮ ಮೇಲೆಯೇ ಪ್ರಯೋಗಿಸಿಕೊಂಡು.

ಆದರೆ ಅದೇ ಶಾಸ್ತ್ರದಲ್ಲಿ ಇನ್ನೊಂದು ಮಾತಿದೆ. ಸ್ಮೃತಿಗಳು ಹನ್ನೆರಡು ಬಗೆಯ ಪುತ್ರರನ್ನು ಎಣಿಸುತ್ತವೆ. ಔರಸನು ಮೊದಲನೆಯವನು, ಆಮೇಲೆ ಬರುವವರಲ್ಲಿ ಕ್ಷೇತ್ರಜನೂ ಗೂಢಜನೂ ದತ್ತಕನೂ ಇದ್ದಾರೆ. ಗಂಡನಿಗೆ ಸಂತಾನವಿಲ್ಲದಾಗ ಅವನ ಹೆಂಡತಿಯಲ್ಲಿ ಬೇರೊಬ್ಬನಿಂದ ಹುಟ್ಟಿಸಿದ ಮಗನು ಕ್ಷೇತ್ರಜ. ಮನೆಯೊಳಗೆ ಗುಟ್ಟಾಗಿ ಹುಟ್ಟಿದವನು ಗೂಢಜ. ನಿಯೋಗವನ್ನು ವಿಜ್ಞಾನೇಶ್ವರನು ಬಹಳ ಸಂಕೋಚಗೊಳಿಸಿದನೆಂಬುದೂ, ಕಲಿಯುಗದಲ್ಲಿ ಅದು ವರ್ಜ್ಯವೆಂದು ನಿಬಂಧಕಾರರು ವಿಧಿಸಿದರೆಂಬುದೂ ದಿಟವೇ. ಆದರೂ ಇಂಥ ಮಗುವಿಗೆ ಒಂದು ಹೆಸರನ್ನೂ ಒಂದು ಸ್ಥಾನವನ್ನೂ ಪ್ರಾಚೀನರು ಯೋಚಿಸಿ ಇಟ್ಟಿದ್ದರು. ಧೃತರಾಷ್ಟ್ರ, ಪಾಂಡು ಇಬ್ಬರೂ ಕ್ಷೇತ್ರಜರೇ. ಅವರಿಂದ ಕುರುವಂಶಕ್ಕೆ ಕುಂದು ಬಂದಿತೆಂದು ವ್ಯಾಸಭಾರತವು ಹೇಳುವುದಿಲ್ಲ. ಇದನ್ನೆಲ್ಲ ಬಲ್ಲ ಶ್ರೋತ್ರಿಗಳು ತಮ್ಮನ್ನು ಕ್ಷೇತ್ರಜನೆಂದು ತಿಳಿದು ಸಮಾಧಾನ ಪಡಬಹುದಾಗಿತ್ತಲ್ಲವೇ ಎಂಬುದು ಪೂರ್ವಪಕ್ಷ. ಅವರು ಪಡಲಿಲ್ಲ. ನಿಯೋಗವು ಹಿರಿಯರ ಸಮ್ಮತಿಯಿಂದ, ಧರ್ಮವೆಂಬ ಬುದ್ಧಿಯಿಂದ ನಡೆಯಬೇಕಾದದ್ದು. ತಮ್ಮ ಹುಟ್ಟಿಗೆ ಕಾರಣವಾದದ್ದು ಆಸ್ತಿಯ ಮೇಲಿನ ಲೋಭ ಮತ್ತು ದಾಯಾದಿಯ ಮೇಲಿನ ದ್ವೇಷ. ಈ ಅಂತರವನ್ನು ಕಾದಂಬರಿಯು ಸರಿಯಾಗಿ ಹಿಡಿದಿದೆ.

೪

ಇಲ್ಲಿಯವರೆಗಿನದು ಶ್ರೋತ್ರಿಗಳ ದುರಂತ. ಬಹುತೇಕ ಓದುಗರು ಇಲ್ಲಿಗೇ ನಿಲ್ಲುತ್ತಾರೆ, ನಾವೂ ನಿಂತಿದ್ದೆವು. ವಿದ್ಯಾರ್ಥಿನಿಯ ಪ್ರಶ್ನೆಯು ನಮ್ಮನ್ನು ಮುಂದಕ್ಕೆ ನೂಕಿತು.

ಮಗುವು ಯಾರದು ಎಂಬ ಪ್ರಶ್ನೆಗೆ ಧರ್ಮಶಾಸ್ತ್ರದಲ್ಲಿ ಎರಡು ಉತ್ತರಗಳಿವೆ. ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯದಲ್ಲಿ ಈ ವಾದವು ವಿಸ್ತಾರವಾಗಿ ಬರುತ್ತದೆ. ಬೀಜ ಯಾರದೋ ಅವರದು ಎಂಬುದು ಒಂದು ಪಕ್ಷ. ಹೊಲ ಯಾರದೋ ಅವರದು ಎಂಬುದು ಇನ್ನೊಂದು ಪಕ್ಷ. ನಮ್ಮ ಸೀಮೆಯಲ್ಲಿ ಹೊಲವನ್ನು ಪಾಲಿಗೆ ಕೊಡುವವರಿಗೂ ಮಾಡುವವರಿಗೂ ಈ ವಾದವು ಕೂಡಲೆ ಅರ್ಥವಾಗುತ್ತದೆ: ರಾಶಿಯು ಬಿತ್ತಿದವನಿಗೋ, ಹೊಲದ ಒಡೆಯನಿಗೋ? ಆದರೆ ಈ ವಾದದ ಎರಡು ಪಕ್ಷಗಳಲ್ಲಿಯೂ ನಿಂತವರು ಗಂಡಸರೇ. ಒಬ್ಬನು ಬೀಜದವನು, ಇನ್ನೊಬ್ಬನು ಹೊಲದವನು. ಹೊಲಕ್ಕೆ ಬಾಯಿಲ್ಲದ್ದರಿಂದ ಅದನ್ನು ಯಾರೂ ಕೇಳುವುದಿಲ್ಲ. ಹೆಣ್ಣನ್ನು ಹೊಲವೆಂದು ಕರೆದ ಕ್ಷಣದಲ್ಲಿಯೇ ಅವಳ ಬಾಯಿಯನ್ನು ಕಟ್ಟಿದಂತಾಯಿತು.

ಈ ಎರಡು ತತ್ತ್ವಗಳನ್ನು ಇಟ್ಟುಕೊಂಡು ಕಾದಂಬರಿಯ ಇಬ್ಬರು ತಾಯಂದಿರನ್ನು ನೋಡೋಣ. ಚೀನಿಯು ಶ್ರೋತ್ರಿವಂಶದ ಬೀಜವಾದ್ದರಿಂದ ಕಾತ್ಯಾಯನಿಗೆ ಅವನು ದಕ್ಕಲಿಲ್ಲ. ಶ್ರೋತ್ರಿಗಳ ಹುಟ್ಟಿನಲ್ಲಿ ಬೀಜವು ಪರರದು. ಅಲ್ಲಿ ಹೊಲದ ತತ್ತ್ವವನ್ನು ಹಿಡಿದು, ಮಗುವು ಹೊಲದ ಒಡೆಯನದೇ ಎಂದು ಲೋಕಕ್ಕೆ ತೋರಿಸಲಾಯಿತು. ಒಂದೇ ಮನೆಯವರು ತಮಗೆ ಅನುಕೂಲವಾದಾಗ ಒಂದು ತತ್ತ್ವವನ್ನೂ, ಅನುಕೂಲವಿಲ್ಲದಾಗ ಇನ್ನೊಂದನ್ನೂ ಹಿಡಿದರು. ಯಾವುದನ್ನು ಹಿಡಿದರೂ ತಾಯಿಯ ಪಾಲಿಗೆ ಬಂದದ್ದು ಮಾತ್ರ ಶೂನ್ಯ.

ಇನ್ನು, ಬೀಜದ ತತ್ತ್ವವನ್ನೇ ನಿಷ್ಠೆಯಿಂದ ಅನ್ವಯಿಸುವುದಾದರೆ ಏನಾಗುತ್ತದೆ? ಶ್ರೀನಿವಾಸ ಶ್ರೋತ್ರಿಗಳು ಆ ವಂಶದವರಲ್ಲ, ಅವರ ಮಗ ನಂಜುಂಡನು ಆ ವಂಶದವನಲ್ಲ, ಚೀನಿಯೂ ಅಲ್ಲ. ಹಾಗಾದರೆ ಯಾವ ವಂಶದ ಉಳಿವಿಗಾಗಿ ತಾಯಿಯನ್ನು ಮಗುವಿನಿಂದ ಅಗಲಿಸಲಾಯಿತೋ ಆ ವಂಶವು ಚೀನಿಯು ಹುಟ್ಟುವುದಕ್ಕೆ ಬಹುಕಾಲ ಮೊದಲೇ ಮುಗಿದಿತ್ತು. ಕಾತ್ಯಾಯನಿಯು ಬರಿಗೈಯಲ್ಲಿ ಆ ಮನೆಯ ಹೊಸ್ತಿಲನ್ನು ದಾಟಿದ ದಿನ ಪೆಟ್ಟಿಗೆಯಲ್ಲಿನ ಕಾಗದವನ್ನು ಯಾರಾದರೂ ಓದಿದ್ದರೆ, ಅವಳನ್ನು ತಡೆಯಲು ಯಾವ ತತ್ತ್ವವೂ ಉಳಿಯುತ್ತಿರಲಿಲ್ಲ. ಆದುದರಿಂದ ರಹಸ್ಯದ ಬೆಲೆಯನ್ನು ತೆತ್ತವರಲ್ಲಿ ಶ್ರೋತ್ರಿಗಳು ಮೊದಲಿಗರಲ್ಲ. ಅವರು ಕಳೆದುಕೊಂಡದ್ದು ಒಂದು ಅಭಿಮಾನ, ಒಂದು ಆಸ್ತಿ. ಎರಡನ್ನೂ ತ್ಯಜಿಸಲು ಅವರು ಆಗಲೇ ಸಿದ್ಧರಾಗಿದ್ದರು. ಕಾತ್ಯಾಯನಿಯು ಕಳೆದುಕೊಂಡದ್ದು ಹೆತ್ತ ಮಗನನ್ನು. ಅವಳು ಯಾವ ತ್ಯಾಗಕ್ಕೂ ಸಿದ್ಧಳಾಗಿರಲಿಲ್ಲ.

ಸಾವಿನ ಹಾಸಿಗೆಯ ಪ್ರಸಂಗವು ಗುಟ್ಟು ರಟ್ಟಾದ ಮೇಲೆ ಬರುವುದು ಆಕಸ್ಮಿಕವಲ್ಲವೆಂದು ನಮ್ಮ ಅಭಿಪ್ರಾಯ. ವಂಶದ ಗೋಡೆಯು ಬಿದ್ದ ಮೇಲೆಯೇ ಶ್ರೋತ್ರಿಗಳು ಮೊಮ್ಮಗನನ್ನು ತಾಯಿಯ ಕಡೆಗೆ ತಿರುಗಿಸಬಲ್ಲವರಾದರು. ಕೃತಿಕಾರರು ಇದನ್ನು ಎಲ್ಲಿಯೂ ಬಿಡಿಸಿ ಹೇಳದಿದ್ದರೂ ಘಟನೆಗಳ ಕ್ರಮವು ಹೇಳುತ್ತದೆ. ಆ ಹೊತ್ತಿಗೆ ತಾಯಿಗೆ ಉಳಿದಿದ್ದ ಆಯುಷ್ಯ ಕೆಲವೇ ಗಳಿಗೆಗಳದು.

ಕಾಲದ ಕಾನೂನೂ ಇಂಥ ತಾಯಿಯ ಪರವಾಗಿರಲಿಲ್ಲವೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಬ್ರಿಟಿಷ್ ಭಾರತದಲ್ಲಿ ವಿಧವೆಯರ ಪುನರ್ವಿವಾಹವನ್ನು ಸಿಂಧುಗೊಳಿಸಿದ ೧೮೫೬ರ ಕಾಯಿದೆಯು, ಅವಳು ಮರುಮದುವೆಯಾದರೆ ಮೊದಲ ಗಂಡನ ತಂದೆತಾಯಿಗಳೂ ಬಂಧುಗಳೂ ಮಕ್ಕಳಿಗೆ ಬೇರೆ ಪಾಲಕರನ್ನು ನೇಮಿಸುವಂತೆ ನ್ಯಾಯಾಲಯವನ್ನು ಕೇಳಬಹುದೆಂದು ವಿಧಿಸಿತ್ತು. ಗಂಡನ ಆಸ್ತಿಯಲ್ಲಿನ ಹಕ್ಕನ್ನೂ ಅವಳಿಂದ ಕಳೆದಿತ್ತು. ಸುಧಾರಣೆಯ ಕಾಯಿದೆಯೇ ಹೀಗಿದ್ದ ಕಾಲದ ಭಾವನೆಗಳನ್ನು ಕಾತ್ಯಾಯನಿಯೂ ತನ್ನೊಳಗೆ ಹೊತ್ತಿದ್ದರೆ ಸೋಜಿಗವಿಲ್ಲ.

೫

ಇಲ್ಲಿ ಒಂದು ಆಕ್ಷೇಪವು ಏಳುತ್ತದೆ. ಹಿರಿಯ ನಂಜುಂಡ ಶ್ರೋತ್ರಿಗಳಿಗೆ ಬೇರೆ ದಾರಿ ಯಾವುದಿತ್ತು? ದಾರಿಯಿತ್ತು, ಅದು ರಾಜಮಾರ್ಗವೇ ಆಗಿತ್ತು: ದತ್ತಕ. ಅವರು ವಾಸವಾಗಿದ್ದ ನಾಡಿನ ದೊರೆ ಮುಮ್ಮಡಿ ಕೃಷ್ಣರಾಜ ಒಡೆಯರು ೧೮೬೫ರಲ್ಲಿ ಚಾಮರಾಜೇಂದ್ರ ಒಡೆಯರನ್ನು ಎಲ್ಲರೆದುರು ದತ್ತು ತೆಗೆದುಕೊಂಡರು. ೧೮೬೭ರಲ್ಲಿ ಬ್ರಿಟಿಷ್ ಸರಕಾರವೂ ಅದನ್ನು ಒಪ್ಪಿತು. ಅದಕ್ಕೂ ಮೊದಲು, ೧೮೨೪ರಲ್ಲಿ, ಕಿತ್ತೂರಿನ ದತ್ತಕವನ್ನು ಧಾರವಾಡದ ಕಲೆಕ್ಟರ ಥ್ಯಾಕರೆಯು ಮಾನ್ಯ ಮಾಡದಿದ್ದಾಗ ರಾಣಿ ಚೆನ್ನಮ್ಮನ ನೇತೃತ್ವದಲ್ಲಿ ಒಂದು ಸಂಸ್ಥಾನವೇ ಕತ್ತಿಯನ್ನು ಹಿರಿಯಿತು. ಬೇರೆ ಹೊಟ್ಟೆಯಲ್ಲಿ ಹುಟ್ಟಿದ ಮಗನನ್ನು ತಮ್ಮವನೆಂದು ಬಹಿರಂಗವಾಗಿ ಹೇಳುವುದರಲ್ಲಿ ನಮ್ಮ ಹಿಂದಿನವರು ಅವಮಾನವನ್ನು ಕಾಣಲಿಲ್ಲ; ಅದಕ್ಕಾಗಿ ಪ್ರಾಣವನ್ನೂ ಕೊಟ್ಟರು.

ಹಿರಿಯ ಶ್ರೋತ್ರಿಗಳು ಆ ದಾರಿಯನ್ನು ಹಿಡಿಯದೆ ಇದ್ದುದಕ್ಕೆ ಕಾರಣಗಳು ಎರಡೆಂದು ತೋರುತ್ತದೆ. ದತ್ತಕಕ್ಕೆ ಸಮೀಪದ ಸಪಿಂಡನು, ಅದರಲ್ಲಿಯೂ ಒಡಹುಟ್ಟಿದವನ ಮಗನು ಪ್ರಶಸ್ತನೆಂಬುದು ರೂಢಿ. ಅವರ ದ್ವೇಷವೆಲ್ಲ ಆ ಕಡೆಗೇ ಇತ್ತು. ಎರಡನೆಯದು ನಮ್ಮ ಊಹೆ. ದತ್ತು ತೆಗೆದುಕೊಂಡರೆ ಮಕ್ಕಳಿಲ್ಲವೆಂಬುದು ಊರಿಗೆ ತಿಳಿಯುತ್ತದೆ. ಯಾರಲ್ಲಿ ಕೊರತೆಯೆಂಬ ಪ್ರಶ್ನೆ ಏಳುತ್ತದೆ. ಗುಟ್ಟಿನಿಂದ ಕಾಪಾಡಿದ್ದು ವಂಶವನ್ನಲ್ಲ, ಗಂಡಸಿನ ಮರ್ಯಾದೆಯನ್ನು.

ನಮ್ಮ ಭಾಷೆಯೇ ಇದಕ್ಕೆ ಸಾಕ್ಷಿಯಾಗಿದೆ. ಮಕ್ಕಳಾಗದ ಹೆಂಗಸಿಗೆ ‘ಬಂಜೆ’ ಎಂಬ ಮಾತು ಎಲ್ಲರ ಬಾಯಲ್ಲಿಯೂ ಇದೆ. ಮಕ್ಕಳಾಗದ ಗಂಡಸಿಗೆ ಅದಕ್ಕೆ ಸರಿಸಾಟಿಯಾದ ಸಾಮಾನ್ಯ ಶಬ್ದವಿಲ್ಲ. ಇರುವವು ಬೈಗುಳಗಳು, ಅವನ್ನು ಎದುರಿಗೆ ಆಡುವವರಿಲ್ಲ. ನಮ್ಮ ಕಡೆ ಉಡಿ ತುಂಬುವ ಸಮಾರಂಭಗಳಲ್ಲಿ ಮಕ್ಕಳಿಲ್ಲದವಳನ್ನು ಹಿಂದಕ್ಕೆ ಸರಿಸುವುದನ್ನು ಕಂಡವರೇ ಬಹಳ. ಅವಳ ಗಂಡನನ್ನು ಯಾವ ಪಂಕ್ತಿಯಿಂದಲೂ ಎಬ್ಬಿಸಿದ್ದನ್ನು ನಾವು ಕಾಣೆವು. ವಿಶ್ವ ಆರೋಗ್ಯ ಸಂಸ್ಥೆಯು ೨೦೨೩ರಲ್ಲಿ ತಿಳಿಸಿದಂತೆ ಲೋಕದಲ್ಲಿ ಸುಮಾರು ಆರು ಜನರಲ್ಲಿ ಒಬ್ಬರು ಬಾಳಿನ ಒಂದಲ್ಲ ಒಂದು ಹಂತದಲ್ಲಿ ಬಂಜೆತನವನ್ನು ಅನುಭವಿಸುತ್ತಾರೆ. ಕಾರಣವು ಗಂಡನಲ್ಲಿಯೂ ಇರಬಹುದು, ಹೆಂಡತಿಯಲ್ಲಿಯೂ ಇರಬಹುದು, ಇಬ್ಬರಲ್ಲಿಯೂ ಇರಬಹುದೆಂಬುದು ವೈದ್ಯಶಾಸ್ತ್ರದ ಸ್ಥಿರವಾದ ತಿಳಿವಳಿಕೆ. ಆದರೂ ತೊಟ್ಟಿಲು ಕಟ್ಟುವ ಹರಕೆಯನ್ನು ಹೊರುವವಳು ಇಂದಿಗೂ ಹೆಂಡತಿಯೇ.

೬

ಈಗ ಕೃತಿಯ ಕೊರತೆಯನ್ನು ಹೇಳಬೇಕು. ಶ್ರೋತ್ರಿಗಳ ಅಂತರಂಗವನ್ನು ಕಾದಂಬರಿಯು ಎಷ್ಟು ಆಳವಾಗಿ ಶೋಧಿಸುತ್ತದೆಯೋ ಅವರ ತಾಯಿಯ ಅಂತರಂಗವನ್ನು ಅಷ್ಟೇ ದೂರದಲ್ಲಿಡುತ್ತದೆ. ಆಕೆಯ ಸಂಗತಿಯು ಬೇರೆಯವರ ಬರಹದಿಂದ, ಬೇರೆಯವರ ಮಾತಿನಿಂದ ನಮಗೆ ತಿಳಿಯುತ್ತದೆ. ಗಂಡನ ಆಜ್ಞೆಯನ್ನು ಕೇಳಿದ ರಾತ್ರಿ ಆಕೆಗೆ ಏನೆನಿಸಿತು, ಆ ಮಗುವನ್ನು ಎತ್ತಿಕೊಂಡಾಗ ಏನೆನಿಸಿತು, ಆಮೇಲೆ ಗಂಡನ ಮುಖವನ್ನು ಹೇಗೆ ನೋಡಿದಳು ಎಂಬುದನ್ನು ನಾವು ಅರಿಯೆವು. ವ್ಯಾಸಭಾರತದ ಅಂಬಿಕೆಯಾದರೂ ಕಣ್ಣು ಮುಚ್ಚಿದಳು. ಎರಡನೆಯ ಸಲ ದಾಸಿಯನ್ನು ತನ್ನ ಬದಲು ಕಳುಹಿಸಿದಳು. ಮುಚ್ಚಿದ ಕಣ್ಣೂ ಒಂದು ಉತ್ತರವೇ. ಶ್ರೋತ್ರಿಗಳ ತಾಯಿಗೆ ಅಂಥ ಒಂದು ಗಳಿಗೆಯೂ ದೊರೆತಿಲ್ಲ.

ಎರಡನೆಯದು ಕಾತ್ಯಾಯನಿಯ ಗರ್ಭಪಾತಗಳ ವಿಷಯ. ಅವನ್ನು ಪುನರ್ವಿವಾಹಕ್ಕೆ ಪ್ರಕೃತಿಯು ಕೊಟ್ಟ ಶಿಕ್ಷೆಯೆಂದು ಓದಲು ಕಾದಂಬರಿಯು ಎಡೆಮಾಡಿಕೊಡುತ್ತದೆ. ಶಿಕ್ಷೆಯೆಂದು ತಿಳಿಯುವವಳು ಕಾತ್ಯಾಯನಿ, ಕೃತಿಕಾರರಲ್ಲ ಎಂದು ಸಮಾಧಾನ ಹೇಳಬಹುದು; ಆ ಸಮಾಧಾನದಲ್ಲಿ ಸ್ವಲ್ಪ ಸತ್ಯವೂ ಇದೆ. ಸದಾಶಿವರಾಯರೂ ಎರಡನೆಯ ಮದುವೆಯಾದವರೇ, ಅದೂ ಮೊದಲ ಹೆಂಡತಿಯು ಬದುಕಿರುವಾಗ. ಅವರೂ ಸಾಯುತ್ತಾರೆ, ಆದರೆ ಸಂಪುಟಗಳು ಉಳಿಯುತ್ತವೆ. ಕಾತ್ಯಾಯನಿಯ ಹಿಂದೆ ಉಳಿದದ್ದು ತಾಯಿಯನ್ನು ತಾಯಿಯೆನ್ನದ ಮಗ. ತಪ್ಪಿಗೆ ತಕ್ಕ ದಂಡವೆಂದು ಓದುವವರು ಈ ಅಸಮತೆಯನ್ನು ವಿವರಿಸಬೇಕಾಗುತ್ತದೆ. ನಮ್ಮ ದೃಷ್ಟಿಯಲ್ಲಿ ಅವಳನ್ನು ಕೊಂದದ್ದು ಪಾಪವಲ್ಲ. ಪಾಪವೆಂದು ಅವಳಿಗೆ ಕಲಿಸಿದ ವಂಶಭಾವನೆ. ಆ ಭಾವನೆಗೆ ಆಧಾರವಿರಲಿಲ್ಲವೆಂಬುದನ್ನು ಕಾದಂಬರಿಯೇ ಕೊನೆಯಲ್ಲಿ ಸಾಧಿಸಿ ತೋರಿಸಿದೆ.

ಕೃತಿಕಾರರಿಗೆ ನ್ಯಾಯ ಸಲ್ಲಿಸಲು ಇನ್ನೊಂದು ಮಾತನ್ನು ಸೇರಿಸಬೇಕು. ೧೯೭೯ರಲ್ಲಿ ಪ್ರಕಟವಾದ ‘ಪರ್ವ’ದಲ್ಲಿ ಅವರು ಇದೇ ಸಮಸ್ಯೆಗೆ ಹಿಂದಿರುಗಿದರು. ಅಲ್ಲಿ ಪಾಂಡುವು ಸಂತಾನಶಕ್ತಿಯಿಲ್ಲದವನು. ಕುಂತಿಯು ಅವನ ಒಪ್ಪಿಗೆಯಿಂದ ನಿಯೋಗವನ್ನು ಕೈಗೊಳ್ಳುತ್ತಾಳೆ. ಆ ಒಪ್ಪಿಗೆಯೇ ಗಂಡಹೆಂಡಿರ ನಡುವೆ ಮುಳ್ಳಾಗುತ್ತದೆ. ಮುಖ್ಯವಾದ ವ್ಯತ್ಯಾಸವೆಂದರೆ, ಅಲ್ಲಿ ಕುಂತಿಯು ತನ್ನ ನೆನಪಿನಲ್ಲಿ, ತನ್ನ ಮನಸ್ಸಿನ ಮೂಲಕ ಇದನ್ನೆಲ್ಲ ಮತ್ತೆ ಬಾಳುತ್ತಾಳೆ. ‘ವಂಶವೃಕ್ಷ’ದಲ್ಲಿ ಬಾಯಿಲ್ಲದೆ ಉಳಿದ ತಾಯಿಗೆ ಹದಿನಾಲ್ಕು ವರ್ಷಗಳ ಮೇಲೆ ಇನ್ನೊಂದು ಕೃತಿಯಲ್ಲಿ ಬಾಯಿ ಬಂದಿತೆನ್ನಬಹುದು. ಎರಡೂ ಕಾದಂಬರಿಗಳನ್ನು ಜೊತೆಯಾಗಿ ಪಾಠಕ್ಕಿಡುವುದು ಲೇಸೆಂದು ನಮ್ಮ ಸಲಹೆ.

೭

ಈ ಚರ್ಚೆಯು ಹಳೆಯ ಮನೆಯೊಂದರ ಹಳೆಯ ಗುಟ್ಟಿಗೆ ಮಾತ್ರ ಸೀಮಿತವಾದದ್ದಲ್ಲ. ಇಂದು ಎರವಲಾಗಿ ಬೀಜವೂ ದೊರೆಯುತ್ತದೆ, ಗರ್ಭವೂ ದೊರೆಯುತ್ತದೆ. ‘ವಂಶವೃಕ್ಷ’ದಲ್ಲಿ ಎರವಲು ತಂದದ್ದು ಬೀಜವನ್ನು, ಬಾಡಿಗೆ ತಾಯ್ತನದಲ್ಲಿ ಎರವಲು ಪಡೆಯುವುದು ಗರ್ಭವನ್ನು. ಇವೆರಡನ್ನೂ ಕುರಿತು ನಮ್ಮ ಸಂಸತ್ತು ೨೦೨೧ರಲ್ಲಿ ಎರಡು ಅಧಿನಿಯಮಗಳನ್ನು ಮಾಡಿತು; ಅವು ೨೦೨೨ರ ಜನವರಿಯಲ್ಲಿ ಜಾರಿಗೆ ಬಂದವು. ಬಾಡಿಗೆ ತಾಯ್ತನದ ಅಧಿನಿಯಮವು ಹಣಕ್ಕಾಗಿ ಗರ್ಭವನ್ನು ಕೊಡುವುದನ್ನು ನಿಷೇಧಿಸುತ್ತದೆ. ಹೊರುವವಳು ಮದುವೆಯಾಗಿ ಸ್ವಂತ ಮಗುವುಳ್ಳವಳಾಗಿರಬೇಕು, ೨೫ರಿಂದ ೩೫ ವರ್ಷದೊಳಗಿನವಳಾಗಿರಬೇಕು, ಜೀವಮಾನದಲ್ಲಿ ಒಂದೇ ಬಾರಿ ಹೊರಬಹುದು, ಅಂಡವು ಅವಳದಾಗಿರಬಾರದು ಎಂದು ವಿಧಿಸುತ್ತದೆ. ಹುಟ್ಟಿದ ಮಗುವನ್ನು ಬಯಸಿದ ದಂಪತಿಗಳ ಜೈವಿಕ ಮಗುವೆಂದೇ ಭಾವಿಸತಕ್ಕದ್ದೆಂದು ಎರಡು ಅಧಿನಿಯಮಗಳೂ ಹೇಳುತ್ತವೆ. ಇತಿಹಾಸದ ವಿದ್ಯಾರ್ಥಿಗೆ ಇಲ್ಲಿ ಕ್ಷೇತ್ರಜನ ದನಿಯು ಕೇಳಿಸದೆ ಇರದು. ಹುಟ್ಟು ಹೇಗೇ ಇರಲಿ, ಸಂಬಂಧವನ್ನು ಧರ್ಮವು ವಿಧಿಸುತ್ತದೆ ಎಂದು ಸ್ಮೃತಿಕಾರರು ಹೇಳಿದ್ದನ್ನೇ ಸಂಸತ್ತೂ ಹೇಳಿದೆ.

ಆದರೆ ಒಂದು ಅಂಶವು ಹೊಸದು. ಹೊರುವವಳಿಗೆ ಆಗಬಹುದಾದ ತೊಂದರೆಗಳನ್ನೆಲ್ಲ ವಿವರಿಸಿ, ಅವಳಿಗೆ ತಿಳಿಯುವ ಭಾಷೆಯಲ್ಲಿ, ಅವಳ ಲಿಖಿತವಾದ ಒಪ್ಪಿಗೆಯನ್ನು ಪಡೆಯಬೇಕೆಂದು ಅಧಿನಿಯಮವು ವಿಧಿಸುತ್ತದೆ; ಭ್ರೂಣವನ್ನು ಇರಿಸುವ ಮುನ್ನ ಅವಳು ಒಪ್ಪಿಗೆಯನ್ನು ಹಿಂದಕ್ಕೆ ಪಡೆಯಲೂಬಹುದು. ಕಾಗದದ ಮೇಲಿನ ಈ ಮಾತು ಎಷ್ಟರಮಟ್ಟಿಗೆ ನಡೆವಳಿಕೆಯಲ್ಲಿದೆಯೆಂಬುದು ಬೇರೆ ಪ್ರಶ್ನೆ. ಮನೆಯ ಹಿರಿಯರೆದುರು ಕುಳಿತ ನಾದಿನಿಯೋ ತಂಗಿಯೋ ಕೊಡುವ ಒಪ್ಪಿಗೆಯು ನಿಜವಾಗಿ ಅವಳದೇ ಎಂಬುದನ್ನು ತಿಳಿಯುವುದು ಸುಲಭವಲ್ಲ. ಆದರೂ ಬೀಜ, ಹೊಲ ಎಂಬ ಹಳೆಯ ವಾದದಲ್ಲಿ ಎಂದೂ ಕೇಳದೆ ಹೋದ ಪ್ರಶ್ನೆಯು ಈಗ ಕಾನೂನಿನ ಪುಟದಲ್ಲಿ ಬಂದಿದೆ. ನಮ್ಮ ವಿದ್ಯಾರ್ಥಿನಿಯು ಕೇಳಿದ್ದೂ ಅದನ್ನೇ: ಆಕೆಯನ್ನು ಯಾರಾದರೂ ಕೇಳಿದರೇ?

ಮರತೂರಿನ ವಿಜ್ಞಾನೇಶ್ವರನು ಸಪಿಂಡತೆಯನ್ನು ವಿವರಿಸುವಾಗ, ಮಗುವಿಗೆ ತಂದೆಯ ಶರೀರದೊಡನೆ ಇರುವಂತೆಯೇ ತಾಯಿಯ ಶರೀರದೊಡನೆಯೂ ಸಂಬಂಧವಿದೆಯೆಂದು ಹೇಳಲು ಮರೆಯಲಿಲ್ಲ. ಅವನಿಗೆ ಆಶ್ರಯವಿತ್ತ ಕಲ್ಯಾಣದಲ್ಲಿಯೇ, ಮುಂದಿನ ಕೆಲವು ದಶಕಗಳಲ್ಲಿ, ಶರಣರು ಹುಟ್ಟಿನಿಂದ ಕುಲವನ್ನು ಅಳೆಯುವುದನ್ನೇ ಪ್ರಶ್ನಿಸಿದರು. ಈ ಎರಡು ಮಾತುಗಳಲ್ಲಿ ಯಾವುದೊಂದನ್ನು ಪೂರ್ತಿಯಾಗಿ ಒಪ್ಪಿದ್ದರೂ ಚೀನಿಯು ತಾಯಿಯ ಮಡಿಲಲ್ಲಿ ಬೆಳೆಯಬಹುದಾಗಿತ್ತು. ಶ್ರೋತ್ರಿಗಳು ಧರ್ಮಾತ್ಮರು, ಕಪಟವರಿಯದವರು. ಅಂಥವರ ಕೈಯಿಂದಲೂ ಒಬ್ಬ ತಾಯಿಗೆ ಅನ್ಯಾಯವಾದದ್ದು ಅವರಿಗೆ ತಿಳಿಯದ ಒಂದು ಗುಟ್ಟಿನಿಂದ. ‘ವಂಶವೃಕ್ಷ’ವನ್ನು ಇನ್ನು ಮುಂದೆ ಪಾಠ ಹೇಳುವಾಗ ನಾವು ಶ್ರೋತ್ರಿಗಳ ಕಾಗದದ ಪೆಟ್ಟಿಗೆಯಿಂದ ಆರಂಭಿಸದೆ, ಬರಿಗೈಯಲ್ಲಿ ಹೊಸ್ತಿಲನ್ನು ದಾಟಿದ ಕಾತ್ಯಾಯನಿಯಿಂದ ಆರಂಭಿಸಬೇಕೆಂದಿದ್ದೇವೆ.